ದೇವರ ಜೊತೆ ಟೂ ಬಿಟ್ಟ ಮಗು

ಗುಬ್ಬಿ ತಾಲ್ಲೂಕಿನಿಂದ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ:

“ನನ್ನ ಮಗಳಿಗೆ ಆರು ವರ್ಷ. ಅತ್ತೆಯವರು ದಿನವೂ ಸಂಜೆ ಅವಳ ಕೈಯಿಂದ ದೇವರ ಮುಂದೆ ದೀಪ ಹಚ್ಚಿಸಿ ಕೈಮುಗಿಸುತ್ತಾರೆ. ನಮ್ಮ ಯಜಮಾನರಿಗೆ ಇದು ಒಪ್ಪಿಗೆಯಿಲ್ಲ. ಮಗು ದೊಡ್ಡವಳಾಗಿ, ತಾನೇ ಓದಿ ಯೋಚಿಸಿ, ಬೇಕಿದ್ದರೆ ನಂಬಲಿ ಎನ್ನುತ್ತಾರೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ, ಯಾವ ಕಡೆಗೂ ಸೇರುವುದಿಲ್ಲ. ಹೋದ ತಿಂಗಳು ಅವಳ ನಾಯಿಮರಿ ಕಾಯಿಲೆ ಬಿತ್ತು. ಅದು ಬದುಕಲಿ ಎಂದು ಮಗು ನಾಲ್ಕು ದಿನ ದೇವರನ್ನು ಬೇಡಿಕೊಂಡಳು. ಮರಿ ಸತ್ತಿತು. ಅಂದಿನಿಂದ ‘ನಾನು ದೇವರ ಜೊತೆ ಟೂ’ ಎಂದು ದೀಪ ಹಚ್ಚುವುದನ್ನೇ ಬಿಟ್ಟಿದ್ದಾಳೆ. ಇಷ್ಟು ಚಿಕ್ಕ ಮಕ್ಕಳಿಂದ ಪೂಜೆ ಮಾಡಿಸಿ ದೇವರನ್ನು ನಂಬಲು ಕಲಿಸುವುದು ಸರಿಯೇ?”

ಸಹೋದರಿಯವರೇ,

ನಿಮ್ಮ ಪತ್ರದ ಹೆಚ್ಚಿನ ಭಾಗ ದೊಡ್ಡವರ ಭಿನ್ನಾಭಿಪ್ರಾಯದ್ದು. ಅದರ ಜೀವವೆಲ್ಲ ನಿಮ್ಮ ಮಗಳ ಆ ಒಂದು ಮಾತಿನಲ್ಲಿದೆ. ಮಕ್ಕಳು ಯಾರ ಜೊತೆ ಟೂ ಬಿಡುತ್ತಾರೆ ಎಂಬುದನ್ನು ನಿಮ್ಮ ತರಗತಿಯಲ್ಲೇ ದಿನಕ್ಕೆ ಹತ್ತು ಸಲ ನೋಡಿರುತ್ತೀರಿ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಜೊತೆ ಯಾವ ಮಗುವೂ ಟೂ ಬಿಡುವುದಿಲ್ಲ. ನಿನ್ನೆಯವರೆಗೆ ಒಂದೇ ಡಬ್ಬಿಯಲ್ಲಿ ಉಂಡ ಗೆಳತಿಯ ಜೊತೆ ಬಿಡುತ್ತದೆ, ನಾಳೆ ಮಾತಾಡಿಸುತ್ತಾಳೆ ಎಂಬ ಭರವಸೆ ಇರುವವರ ಜೊತೆ ಬಿಡುತ್ತದೆ. ನಿಮ್ಮ ಮಗಳು ದೇವರಿಲ್ಲ ಎನ್ನಲಿಲ್ಲ, ದೇವರ ಮೇಲೆ ಮುನಿಸಿಕೊಂಡಳು. ನಿಮ್ಮ ಅತ್ತೆಯವರು ಒಂದು ದೀಪದಿಂದ ಎಷ್ಟು ಕಲಿಸಿದ್ದಾರೆ ಎಂಬುದು ನಿಮಗೆ ಇನ್ನೂ ಕಂಡಂತಿಲ್ಲ.

ಕೊಳೂರ ಕೊಡಗೂಸಿನ ಕಥೆಯನ್ನು ನೀವು ಬಲ್ಲಿರಿ. ತಂದೆ ಪರಊರಿಗೆ ಹೊರಡುವಾಗ, ತಾನು ಬರುವವರೆಗೆ ದಿನವೂ ಶಿವನಿಗೆ ಹಾಲು ಒಯ್ದು ಕೊಡು ಎಂದು ಪುಟ್ಟ ಮಗಳಿಗೆ ಹೇಳಿ ಹೋಗುತ್ತಾನೆ. ಮಗು ಹಾಲು ಕಾಯಿಸಿ, ಬಟ್ಟಲು ತುಂಬಿ, ಲಿಂಗದ ಮುಂದಿಟ್ಟು ಕುಡಿ ಎನ್ನುತ್ತದೆ. ಶಿವ ಕುಡಿಯುವುದಿಲ್ಲ. ಮಗು ರಮಿಸುತ್ತದೆ, ಗೋಗರೆಯುತ್ತದೆ, ಅಪ್ಪ ಬಂದರೆ ಬೈಯುತ್ತಾನೆಂದು ಅಳುತ್ತದೆ, ಕೊನೆಗೆ ತಲೆ ಚಚ್ಚಿಕೊಂಡು ಪ್ರಾಣ ಬಿಡುತ್ತೇನೆಂದು ಹಟ ಹಿಡಿಯುತ್ತದೆ. ಆಗ ಶಿವ ಹಾಲು ಕುಡಿಯುತ್ತಾನೆ. ಈ ಕಥೆ ಹೇಳುವವರು ಸಾಮಾನ್ಯವಾಗಿ ಕೊನೆಯ ಪವಾಡಕ್ಕೆ ಒತ್ತು ಕೊಡುತ್ತಾರೆ. ನನಗೆ ಯಾವಾಗಲೂ ದೊಡ್ಡದಾಗಿ ಕಂಡದ್ದು ನಡುವಿನ ಆ ಜಗಳ. ಕೊಡಗೂಸಿಗೆ ಯಾರೂ ಶಿವತತ್ತ್ವವನ್ನು ಬೋಧಿಸಿರಲಿಲ್ಲ. ಅಪ್ಪ ದಿನವೂ ಮಾಡುತ್ತಿದ್ದ ಕೆಲಸವನ್ನು ಕಂಡಿದ್ದಳು, ಆ ಕೆಲಸ ಅವಳ ಕೈಗೆ ಬಂತು, ಕೈಗೆ ಬಂದ ಕೆಲಸದಿಂದಲೇ ಶಿವ ಅವಳಿಗೆ ಜಗಳವಾಡುವಷ್ಟು ಹತ್ತಿರದವನಾದ.

ನಿಮ್ಮ ಯಜಮಾನರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆಂದೇ ಸಮಿತಿ ರಚಿಸಿದವರು. ಪ್ರಶ್ನಿಸದೆ ಒಪ್ಪಬೇಡಿ ಎಂದು ಬಾಳಿನುದ್ದಕ್ಕೂ ಹೇಳಿದವರು. ಅವರಂಥವರು ಈ ನೆಲದಲ್ಲಿ ಬಾಳಿದ್ದು ನಮ್ಮ ಪುಣ್ಯ. ಊಟ ಬಿಟ್ಟರೆ ದೇವರು ಕಣ್ಣು ಕೀಳುತ್ತಾನೆ ಎಂದು ಮಗುವನ್ನು ಹೆದರಿಸುವವರು, ನಿದ್ದೆಗಣ್ಣಿನ ಕೂಸನ್ನು ಎಳೆದು ತಂದು ಗಂಟೆಗಟ್ಟಲೆ ಕೂರಿಸುವವರು ತಪ್ಪು ಮಾಡುತ್ತಾರೆ. ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳಿರುವುದೂ ಸರಿಯೇ. ಆದರೆ ಶಾಲೆಯಲ್ಲಿ ಕೂಡದು ಎಂದ ಮೇಲೆ ಆ ಹೊಣೆ ಮನೆಯದಾಯಿತು ಎಂಬುದನ್ನು ನಾವು ಮರೆತಿದ್ದೇವೆ.

ದೊಡ್ಡವಳಾದ ಮೇಲೆ ಆರಿಸಿಕೊಳ್ಳಲಿ ಎಂಬ ಮಾತು ಕೇಳಲು ಉದಾರವಾಗಿದೆ. ನಿಮ್ಮ ಮಗಳಿಗೆ ನೀವು ಕನ್ನಡದಲ್ಲಿ ಲಾಲಿ ಹಾಡಿದಿರಿ. ಹದಿನೆಂಟು ತುಂಬಲಿ, ಯಾವ ಭಾಷೆ ಬೇಕೋ ಅವಳೇ ಆರಿಸಿಕೊಳ್ಳಲಿ ಎಂದು ಅಲ್ಲಿಯವರೆಗೆ ಮೌನವಾಗಿದ್ದಿದ್ದರೆ ಅವಳಿಗೆ ಆರಿಸುವ ನಾಲಿಗೆಯೇ ಬರುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಷ್ಟು ಹಿಂದೆಯೇ, ಹುಟ್ಟಿದ ಮೊದಲ ವರ್ಷದಲ್ಲಿ ಮಗುವಿನೊಳಗೆ ಬೇರೂರುವ ಮೂಲ ಭರವಸೆಯ ಮೇಲೆ ಮುಂದಿನ ವ್ಯಕ್ತಿತ್ವವೆಲ್ಲ ನಿಲ್ಲುತ್ತದೆಂದು ಬರೆದರು. ಆ ಭರವಸೆಗೂ ಮನುಷ್ಯರ ಧರ್ಮಾಚರಣೆಗೂ ಇರುವ ನಂಟನ್ನು ಅಲ್ಲಿಯೇ ಗುರುತಿಸಿದರು. ಅತ್ತಾಗ ಎತ್ತಿಕೊಳ್ಳುವ ಕೈ, ಹಸಿದಾಗ ಬರುವ ಹಾಲು, ಇವೇ ಆ ಭರವಸೆಯ ಮೊದಲ ಪಾಠ. ದೇವರ ಮನೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತ ಮಗು ಮೊದಲು ನಂಬುವುದು ಅಜ್ಜಿಯನ್ನು. ಅಜ್ಜಿ ಯಾರಿಗೆ ಕೈಮುಗಿಯುತ್ತಾಳೋ ಅವನನ್ನು ಆಮೇಲೆ.

ನನ್ನ ಅಜ್ಜಿಯ ಮನೆ ಮಧುಗಿರಿ ಕಡೆಯ ಒಂದು ಹಳ್ಳಿಯಲ್ಲಿತ್ತು. ಸೋಮವಾರ ಬೆಳಿಗ್ಗೆ ತುಂಬೆ ಹೂ ಬಿಡಿಸಿ ತರುವುದು ನನ್ನ ಕೆಲಸ. ತುಂಬೆಯ ಗಿಡವನ್ನು ಈಗಿನ ಮಕ್ಕಳು ಕಂಡಿರಲಾರರು. ಮೊಣಕಾಲೆತ್ತರದ ಗಿಡ, ಹಸಿರು ಗುಂಡು ತೆನೆ, ಅದರ ಸುತ್ತ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಹೂ. ಬುಡದ ಜೇನನ್ನು ಹೀರಲು ನಾಲಿಗೆ ತುರಿಸುತ್ತಿತ್ತು. ದೇವರಿಗೆಂದು ಬಿಡಿಸಿದ ಹೂವನ್ನು ಮೂಸಲೂ ಬಾರದೆಂಬುದು ಅಜ್ಜಿಯ ಕಟ್ಟಳೆ. ಇಬ್ಬನಿಯಲ್ಲಿ ಬೆರಳು ಮರಗಟ್ಟುತ್ತಿದ್ದವು. ಒಂದೊಂದೇ ಹೂ ಕಿತ್ತು ಒಂದು ಕುಡಿಕೆ ತುಂಬಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. (ನಮ್ಮ ತುಮಕೂರಿಗೆ ಆ ಹೆಸರು ಬಂದದ್ದೇ ತುಂಬೆಯಿಂದ ಎನ್ನುವವರಿದ್ದಾರೆ, ತಮಟೆಯಿಂದ ಎನ್ನುವವರೂ ಇದ್ದಾರೆ. ನನ್ನ ಒಲವು ಹೂವಿನ ಕಡೆಗೆ.) ಶುಕ್ರವಾರ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ಹಿತ್ತಾಳೆಯ ದೀಪಗಳನ್ನು ತಿಕ್ಕುವುದು, ಹಾಲಿನಲ್ಲಿ ಬೆರಳದ್ದಿ ಹೂಬತ್ತಿ ಹೊಸೆಯುವುದು. ನಾನು ಹೊಸೆದ ಬತ್ತಿ ಸೊಟ್ಟಗಿದ್ದರೂ ಅಜ್ಜಿ ಅದನ್ನೇ ದೀಪಕ್ಕೆ ಹಾಕುತ್ತಿದ್ದಳು. ಅದು ಉರಿಯುವವರೆಗೂ ನಾನು ಕಣ್ಣು ಕೀಳುತ್ತಿರಲಿಲ್ಲ. ಇಷ್ಟೂ ವರ್ಷದಲ್ಲಿ ಅಜ್ಜಿ ನನಗೆ ದೇವರನ್ನು ನಂಬು ಎಂದು ಒಂದು ಸಲವೂ ಹೇಳಿದ ನೆನಪಿಲ್ಲ.

ಇದೇ ತಿಳಿವಳಿಕೆಯನ್ನು ಬೇರೆ ನೆಲದ, ಬೇರೆ ಮತದ ಜನ ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದಾರೆ. 1954ರಲ್ಲಿ ರೋಮ್ ನಗರದಲ್ಲಿ ಸೋಫಿಯಾ ಕವಲ್ಲೆತ್ತಿ ಎಂಬ ವಿದುಷಿ, ಮಾಂಟೆಸರಿ ವಿಧಾನ ಬಲ್ಲ ಜನ್ನಾ ಗೊಬ್ಬಿಯವರೊಡನೆ ಸೇರಿ, ಚಿಕ್ಕ ಮಕ್ಕಳಿಗೆಂದೇ ಪೂಜೆಯ ಕೋಣೆಯೊಂದನ್ನು ಅಣಿಮಾಡಿದರು. ಮಗುವಿನ ಎತ್ತರದ ಪೀಠ, ಮಗುವಿನ ಕೈಗೆ ಒಗ್ಗುವ ಪಾತ್ರೆ. ಮೂರು ವರ್ಷದ ಕೂಸು ತಾನೇ ಬಟ್ಟೆ ಹಾಸಿ, ತಾನೇ ನೀರು ಬಗ್ಗಿಸಿ, ತಾನೇ ಒರೆಸುತ್ತದೆ. ತನ್ನ ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುವ ಒಳ್ಳೆಯ ಕುರುಬನ ಕಥೆಯನ್ನು ಆ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಹಚ್ಚಿಕೊಂಡರಂತೆ. ತನ್ನ ಹೆಸರು ಬಲ್ಲವನೊಬ್ಬನಿದ್ದಾನೆ ಎಂಬುದೇ ಮಗುವಿಗೆ ಸಾಕು. ನಮ್ಮ ಮುಸ್ಲಿಂ ನೆರೆಹೊರೆಯವರ ಮನೆಗಳಲ್ಲಿ ಮಗು ಮೊದಲ ರೋಜಾ ಹಿಡಿದ ಸಂಜೆ ಹೊಸ ಬಟ್ಟೆ ತೊಡಿಸಿ, ಹಾರ ಹಾಕಿ, ಬಂಧುಗಳನ್ನು ಕರೆದು ಸಂಭ್ರಮಿಸುವುದನ್ನು ನಾನು ನೋಡಿದ್ದೇನೆ.

ನೀವು ಸಿದ್ಧಗಂಗೆಗೆ ದೂರದವರಲ್ಲ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಸಂಜೆಯ ಸಾಮೂಹಿಕ ಪ್ರಾರ್ಥನೆಗೆ ಆ ಮಕ್ಕಳು ಸಾಲಾಗಿ ನೆಲದ ಮೇಲೆ ಕೂತು ಒಂದೇ ದನಿಯಲ್ಲಿ ಹಾಡುವಾಗ ಬೆಟ್ಟವೇ ಕೇಳುತ್ತಿರುವಂತೆ ಅನ್ನಿಸುತ್ತದೆ. ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬಂದ ಎಂಟು ವರ್ಷದ ಹುಡುಗನಿಗೆ ಆ ಹಾಡಿನ ಅರ್ಥ ಎಷ್ಟು ತಿಳಿದೀತು? ತನ್ನ ಎಡಬಲದಲ್ಲಿ ಸಾವಿರಾರು ಜನ ಇದ್ದಾರೆ, ಪ್ರಾರ್ಥನೆ ಮುಗಿದ ಮೇಲೆ ತಟ್ಟೆಗೆ ಬಿಸಿ ಮುದ್ದೆ ಬೀಳುತ್ತದೆ, ಎದುರಿಗೆ ಅಜ್ಜನಂಥ ಸ್ವಾಮಿಗಳು ಕೂತಿದ್ದಾರೆ, ಇಷ್ಟು ತಿಳಿಯುತ್ತದೆ. ಸ್ವಾಮೀಜಿ ಲಿಂಗೈಕ್ಯರಾದ ದಿನ ಮಕ್ಕಳ ಊಟ ಮುಗಿಯುವವರೆಗೂ ಸುದ್ದಿಯನ್ನು ಹೊರಗೆ ಬಿಡಲಿಲ್ಲ ಎಂಬ ಮಾತು ಅಂದು ತುಮಕೂರಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಆ ಮಾತು ಹೇಳುವಾಗ ಗಂಟಲು ಕಟ್ಟದವರನ್ನು ನಾನು ಕಾಣಲಿಲ್ಲ.

ಇನ್ನು, ಬೇಡಿದ್ದು ದೊರೆಯದಿದ್ದಾಗ ಏನು ಮಾಡಬೇಕು ಎಂಬ ನಿಮ್ಮ ನಿಜವಾದ ಸಂಕಟಕ್ಕೆ ಬರುತ್ತೇನೆ. ನನಗೆ ಎಂಟು ವರ್ಷವಿದ್ದಾಗ ಮುಂಗಾರು ಕೈಕೊಟ್ಟಿತು. ನಾವು ಹುಡುಗರೆಲ್ಲ ಸೇರಿ ಕೆರೆಯಂಗಳದ ಜೇಡಿಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲೆ ಕೂರಿಸಿ, ಬೇವಿನ ಸೊಪ್ಪು ಸುತ್ತಿ ಮನೆಮನೆಗೆ ಹೊರಟೆವು. ಹಲಗೆ ಹೊತ್ತವನು ನಾನು. ಪ್ರತಿ ಮನೆಯ ಮುಂದೆಯೂ ಒಬ್ಬ ತಾಯಿ ಹೊರಬಂದು ಮಳೆರಾಯನ ಮೇಲೆ ಒಂದು ಚೊಂಬು ನೀರು ಸುರಿಯುತ್ತಿದ್ದಳು. ಬೇವಿನ ಕಹಿಯೂ ಕೆರೆಮಣ್ಣಿನ ವಾಸನೆಯೂ ಬೆರೆತ ಆ ನೀರು ನನ್ನ ಹಣೆ, ಬಾಯಿ, ಬರಿಮೈ ಮೇಲೆ ಇಳಿಯುತ್ತಿತ್ತು. ಮೊರದಲ್ಲಿ ರಾಗಿಹಿಟ್ಟು, ಬೆಲ್ಲ ಕೊಡುತ್ತಿದ್ದರು. ಊರ ಮುಂದೆ ಅಡುಗೆ ಮಾಡಿ ಉಂಡೆವು. ಅಂದು ರಾತ್ರಿ ಮಳೆ ಬರುತ್ತದೆಂದು ನಾನು ಜಗುಲಿಯಲ್ಲೇ ಮಲಗಿದೆ. ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ಬೆಳಿಗ್ಗೆ ಅಜ್ಜಿಯ ಹತ್ತಿರ ಹೋಗಿ, ಅಷ್ಟು ನೀರು ಸುರಿಸಿಕೊಂಡೆನಲ್ಲ, ಮಳೆರಾಯ ಯಾಕೆ ಬರಲಿಲ್ಲ ಎಂದು ಅತ್ತೆ. ಅಜ್ಜಿ ಹೇಳಿದ್ದು ಇಷ್ಟು: “ಹೇಳೋದು ನಮ್ಮ ಕೆಲಸ, ಹೇಳಾಯ್ತು ಕಣ್ಲಾ. ಬರೋದು ಬಿಡೋದು ಅವನಿಗೆ ಸೇರಿದ್ದು. ಈಗ ಬಾ, ದನಕ್ಕೆ ನೀರು ಸೇದಿ ಹಾಕೋಣ.” ಮಳೆ ಬಂದದ್ದು ಇಪ್ಪತ್ತು ದಿನ ಕಳೆದ ಮೇಲೆ, ಅಷ್ಟರಲ್ಲಿ ನಮ್ಮ ಹೊಲದ ಕಡಲೆಕಾಯಿ ಗಿಡ ಒಣಗಿತ್ತು. ಅಜ್ಜಿ ಅಂದು ಸಂಜೆಯೂ ದೀಪ ಹಚ್ಚಿದಳು. ನಂಬಿಕೆ ಎಂದರೆ ಬೇಡಿದ್ದು ದೊರೆಯುವ ಖಾತರಿ ಎಂದು ನಾನು ಆಮೇಲೆ ಎಂದೂ ತಿಳಿಯಲಿಲ್ಲ.

ಇಂದಿನ ಎಷ್ಟೋ ತಂದೆತಾಯಿಗಳು ತಪ್ಪುತ್ತಿರುವುದು ಇಲ್ಲಿಯೇ, ಮತ್ತು ಈ ವಿಷಯದಲ್ಲಿ ನನಗೆ ನಿಮ್ಮ ಯಜಮಾನರಿಗಿಂತ ಭಕ್ತರೆನಿಸಿಕೊಂಡವರ ಮೇಲೆಯೇ ಹೆಚ್ಚು ಬೇಸರವಿದೆ. ಪರೀಕ್ಷೆಯ ಹಾಲ್ ಟಿಕೆಟನ್ನು ದೇವರ ಪಾದದಲ್ಲಿಟ್ಟು, ಇಷ್ಟು ಅಂಕ ಬಂದರೆ ಇಷ್ಟು ತೆಂಗಿನಕಾಯಿ ಎಂದು ಮಗುವಿನ ಎದುರಿಗೇ ಹರಕೆ ಹೊರುತ್ತಾರೆ. ಕೊಡುಕೊಳ್ಳುವ ಲೆಕ್ಕವನ್ನು ಕಲಿತ ಮಗು ಅಂಕ ಕಡಿಮೆಯಾದ ದಿನ ಆ ಅಂಗಡಿಯನ್ನು ಬಿಟ್ಟು ಹೋಗುತ್ತದೆ. ಹೋದ ವರ್ಷ ಚಿಕ್ಕ ಮಕ್ಕಳ ಶ್ಲೋಕ ಕಂಠಪಾಠ ಸ್ಪರ್ಧೆಯೊಂದಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಐದು ವರ್ಷದ ಹುಡುಗಿಯೊಬ್ಬಳು ಎರಡನೆಯ ಸಾಲು ಮರೆತು ನಿಂತಳು. ವೇದಿಕೆ ಇಳಿದ ಕೂಡಲೇ ತಾಯಿ ಅವಳ ತೋಳು ಚಿವುಟಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಮಗುವಿನ ಪಾಲಿಗೆ ಅಂದಿನಿಂದ ಸರಸ್ವತಿ ಯಾರಾದಳು? ಅಂದು ನಾನು ಅಂಕ ಹಾಕಿ ಮನೆಗೆ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ; ಅಂಥ ಸ್ಪರ್ಧೆಗಳಿಗೆ ಮತ್ತೆ ಹೋಗಿಲ್ಲ.

ಗಣೇಶನನ್ನೇ ನೋಡಿ. ಕೆರೆಯ ಮಣ್ಣು ತಂದು, ಕಲಸಿ, ಸೊಂಡಿಲು ಮುರಿದು ಬಿದ್ದರೆ ಮತ್ತೆ ಅಂಟಿಸಿ ಮಾಡುವುದು ಮಕ್ಕಳ ಕೆಲಸವಾಗಿತ್ತು. ಈಗ ಬಣ್ಣದ ಗಣೇಶ ಟೆಂಪೋದಲ್ಲಿ ಬರುತ್ತಾನೆ, ಎದೆ ನಡುಗಿಸುವ ಡಿಜೆ ಸದ್ದಿಗೆ ದೊಡ್ಡವರು ಕುಣಿಯುತ್ತಾರೆ, ಮಕ್ಕಳು ಕಿವಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರುತ್ತಾರೆ. ಮಣ್ಣು ತರೋಣವೆಂದರೆ ಎಷ್ಟೋ ಊರುಗಳಲ್ಲಿ ಕೆರೆ ಹೂಳು ತುಂಬಿದೆ, ಅಂಗಳ ಒತ್ತುವರಿಯಾಗಿದೆ. ಮನೆಯ ದೇವರಿಗೆ ವಿದ್ಯುತ್ ದೀಪ, ಮಂಗಳಾರತಿಗೆ ಮೊಬೈಲಿನ ಹಾಡು, ಹೂವಿಗೆ ಪ್ಲಾಸ್ಟಿಕ್ ಮಾಲೆ. ಮಗುವಿನ ಕೈಗೆ ಒಂದೇ ಒಂದು ಕೆಲಸವನ್ನೂ ಉಳಿಸದೆ, ಈಗಿನ ಮಕ್ಕಳಿಗೆ ಭಕ್ತಿಯಿಲ್ಲ ಎಂದು ನಾವೇ ಹೇಳುತ್ತೇವೆ.

ನಿಮ್ಮ ಮೇಲೂ ನನಗೊಂದು ದೂರಿದೆ. ಬಾಗಿಲಲ್ಲಿ ನಿಂತು ನೋಡುತ್ತೇನೆ ಎಂದು ಬರೆದಿದ್ದೀರಿ. ಮಕ್ಕಳ ಕಣ್ಣು ದೇವರ ಪಟಕ್ಕಿಂತ ಹೆಚ್ಚಾಗಿ ಬಾಗಿಲ ಕಡೆಗೇ ಇರುತ್ತದೆ ಎಂಬುದು ಶಿಕ್ಷಕಿಯಾದ ನಿಮಗೆ ತಿಳಿಯದೇ? ಅಮ್ಮ ಒಳಗೆ ಬರದ ಜಾಗ ಎಂಥದ್ದು ಎಂದು ಅವಳು ಅಳೆಯುತ್ತಿರುತ್ತಾಳೆ. ನಿಮಗೆ ಮಂತ್ರ ಬಾರದಿದ್ದರೆ ಬೇಡ, ಸಂದೇಹವಿದ್ದರೆ ಅದೂ ಇರಲಿ. ಒಳಗೆ ಹೋಗಿ ಅತ್ತೆಯವರ ಪಕ್ಕ ಕೂತು ಬತ್ತಿ ಹೊಸೆಯಿರಿ.

ಮಗಳನ್ನು ದೀಪ ಹಚ್ಚು ಎಂದು ಒತ್ತಾಯಿಸಬೇಡಿ. ಮರಿ ಸತ್ತದ್ದು ದೇವರಿಗೆ ಅದು ಬೇಕಿತ್ತೆಂದು ಎಂದೂ ಹೇಳಬೇಡಿ. ತನ್ನ ಮರಿಯನ್ನು ಕಿತ್ತುಕೊಂಡವನ ಜೊತೆ ಯಾವ ಮಗು ತಾನೇ ರಾಜಿಯಾದೀತು? ಅವನಿಗೆ ಬೈಯುವುದಿದ್ದರೆ ಪಟದ ಮುಂದೆಯೇ ನಿಂತು ಬೈಯಲಿ, ನೀವು ಪಕ್ಕದಲ್ಲಿರಿ. ಕೊಡಗೂಸಿನ ಕಥೆಯನ್ನು ಅಜ್ಜಿಯ ಬಾಯಿಂದ ಹೇಳಿಸಿ, ಜಗಳದ ಭಾಗವನ್ನು ಅವಸರ ಮಾಡದೆ ಹೇಳಲಿ. ಮರಿಯನ್ನು ಹೂತ ಜಾಗ ಹಿತ್ತಲಲ್ಲಿದ್ದರೆ, ಸಂಜೆ ಅಲ್ಲೊಂದು ಮಣ್ಣಿನ ಹಣತೆ ಇಡೋಣವೇ ಎಂದು ಅವಳನ್ನೇ ಕೇಳಿ. ಎಣ್ಣೆ ಅವಳು ಹಾಕಲಿ, ಗಾಳಿಗೆ ಆರದಂತೆ ಕೈ ಅಡ್ಡ ಹಿಡಿಯುವ ಕೆಲಸವನ್ನು ಅವಳಪ್ಪನಿಗೆ ವಹಿಸಿ.