ಕಾಡಿನ ಮಾತು: ಫಿರಂಗಿಯ ನೆರೆಯಲ್ಲಿ ಮರಕುಟಿಗ

ಪ್ರಶ್ನೆ: ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನಾರ್ತ್ ಕೆರೊಲಿನಾದ ಸದರ್ನ್ ಪೈನ್ಸ್ ಎಂಬ ಊರಿನ ಕಾಡನ್ನು ನೋಡಿದೆ. ಕೆಲವು ಪೈನ್ ಮರಗಳಿಗೆ ನಮ್ಮ ಹೆದ್ದಾರಿಯ ಮರಗಳಂತೆ ಬಿಳಿ ಪಟ್ಟಿ ಬಳಿದಿದ್ದರು. ದೂರದಲ್ಲಿ ಗುಡುಗಿನಂಥ ಸದ್ದು ಕೇಳುತ್ತಿತ್ತು. ಅದು ಫೋರ್ಟ್ ಬ್ರ್ಯಾಗ್ ಸೇನಾ ನೆಲೆಯ ಫಿರಂಗಿ ಅಭ್ಯಾಸ, ಸುತ್ತಲಿನ ಕಾಡು ಉಳಿಯಲಿ ಎಂದು ಸೇನೆಯೇ ಹಣ ಕೊಟ್ಟಿದೆ ಎಂದ ಮಗ. ಇದು ನಿಜವೇ?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ನಿಜ. ಆ ಪಟ್ಟಿ ಒಂದು ಹಕ್ಕಿಯ ಮನೆಯ ಗುರುತು. ರೆಡ್ ಕಾಕೇಡೆಡ್ ಎಂಬ ಆ ಮರಕುಟಿಗಕ್ಕೆ ಒಣ ಮರ ಆಗದು. ಜೀವಂತ ಪೈನ್ ಮರವೇ ಬೇಕು, ಅದೂ ಎಂಬತ್ತು ನೂರು ವರ್ಷ ಕಂಡದ್ದು. ಒಂದು ಪೊಟರೆ ಕೊರೆದು ಮುಗಿಸಲು ಎಷ್ಟೋ ಬಾರಿ ಹಲವು ವರ್ಷ ಹಿಡಿಯುತ್ತದೆ. ಪೊಟರೆಯ ಸುತ್ತ ಕುಕ್ಕಿ ಕುಕ್ಕಿ ಅಂಟು ಸುರಿಸುತ್ತದೆ. ಆ ಅಂಟನ್ನು ದಾಟಿ ಹಾವು ಮೇಲೇರುವುದು ಕಷ್ಟ. ಮೂವತ್ತು ವರ್ಷ ಕಾಡಿನಲ್ಲಿ ದುಡಿದ ನನಗೆ ಇಷ್ಟು ತಾಳ್ಮೆಯ ಹಕ್ಕಿ ಇನ್ನೊಂದು ಗೊತ್ತಿಲ್ಲ.

ಈ ಹಕ್ಕಿಯ ನೆಲೆಯಾದ ಉದ್ದೆಲೆ ಪೈನ್ ಕಾಡು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಯಷ್ಟಿತ್ತು. ಕೊನೆಗೆ 30 ಲಕ್ಷ ಎಕರೆಯ ಆಸುಪಾಸಿಗೆ ಇಳಿಯಿತು. ಫೋರ್ಟ್ ಬ್ರ್ಯಾಗ್ 1918ರಲ್ಲಿ ಆರಂಭವಾದ ನೆಲೆ, ವಿಸ್ತಾರ 1.6 ಲಕ್ಷ ಎಕರೆ. ಬೇಲಿಯ ಹೊರಗೆ ಮನೆಗಳೂ ಗಾಲ್ಫ್ ಮೈದಾನಗಳೂ ಎದ್ದಂತೆಲ್ಲ ಹಕ್ಕಿಗೆ ಬೇಲಿಯ ಒಳಗೇ ಗತಿಯಾಯಿತು. 1990ರಲ್ಲಿ ವನ್ಯಜೀವಿ ಇಲಾಖೆ, ಸೇನೆಯ ಅಭ್ಯಾಸದಿಂದ ಈ ಹಕ್ಕಿಗೆ ಅಳಿವಿನ ಅಪಾಯವಿದೆ ಎಂದು ಬರೆದುಕೊಟ್ಟಿತು. ಪಟ್ಟಿ ಬಳಿದ ಮರದಿಂದ 200 ಅಡಿಯೊಳಗೆ ಕಂದಕ ತೋಡುವಂತಿಲ್ಲ, ಬೀಡು ಬಿಡುವಂತಿಲ್ಲ ಎಂದಾಯಿತು. ಸೈನಿಕರು ಸಿಟ್ಟಾದದ್ದು ಸಹಜ.

ಆಗ ಹೊಳೆದ ದಾರಿ ನನಗೆ ಬಹಳ ಮೆಚ್ಚುಗೆಯದು. 1995ರಲ್ಲಿ ಸೇನೆಯು ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯೊಡನೆ ಕೈಜೋಡಿಸಿತು. ನೆಲೆಯ ಸುತ್ತ ಮಾರಲು ಒಪ್ಪಿದವರಿಂದ ಮಾತ್ರ ಜಮೀನು ಕೊಂಡರು. ಮಾರಲು ಮನಸ್ಸಿಲ್ಲದವರಿಂದ ಲೇಔಟ್ ಮಾಡುವ ಹಕ್ಕನ್ನಷ್ಟೇ ಕೊಂಡರು: ಜಮೀನು ಅವರದೇ, ಮಕ್ಕಳಿಗೂ ಬರುತ್ತದೆ, ಆದರೆ ಅಲ್ಲಿ ಬಡಾವಣೆ ಏಳದು. ಬಡಾವಣೆ ಬಾರದಿದ್ದರೆ ರಾತ್ರಿ ಫಿರಂಗಿ ಸದ್ದಿಗೆ ದೂರು ಕೊಡುವವರಿಲ್ಲ, ಕತ್ತಲಲ್ಲಿ ಪ್ಯಾರಾಚೂಟ್ ಕಟ್ಟಿ ಜಿಗಿಯುವವರಿಗೆ ಬೀದಿದೀಪದ ತೊಂದರೆಯಿಲ್ಲ. ಹಕ್ಕಿಗೂ ಬೇಲಿಯಾಚೆ ಮನೆ ಸಿಕ್ಕಿತು. 2002ರ ಕೊನೆಯಲ್ಲಿ ಕಾನೂನೇ ಬಂದು, ದೇಶದ ಉಳಿದ ಸೇನಾ ನೆಲೆಗಳಿಗೂ ಈ ದಾರಿ ತೆರೆಯಿತು.

2006ರಲ್ಲಿ ಅಲ್ಲಿನ ಹಕ್ಕಿಗಳ ಸಂಖ್ಯೆ ಗುರಿ ಮುಟ್ಟಿತು, ಅಭ್ಯಾಸದ ನಿರ್ಬಂಧಗಳು ಸಡಿಲವಾದವು. 2024ರಲ್ಲಿ ಇಡೀ ಪ್ರಭೇದವನ್ನೇ ಅಳಿವಿನಂಚಿನ ಪಟ್ಟಿಯಿಂದ ಅದಕ್ಕಿಂತ ಕಡಿಮೆ ಅಪಾಯದ ಪಟ್ಟಿಗೆ ಇಳಿಸಿದರು.

ಪ್ರಶ್ನೆ: ಹಕ್ಕಿ ಬಂದರೆ ಜಮೀನು ಕೈತಪ್ಪೀತು ಎಂದು ರೈತರು ಹೆದರಲಿಲ್ಲವೇ?

ಉತ್ತರ: ಹೆದರಿದರು. ಹಕ್ಕಿ ಗೂಡು ಮಾಡುವ ಮೊದಲೇ ಹಳೆಯ ಪೈನ್‌ಗಳನ್ನು ಕಡಿದವರಿದ್ದರು. ಅದಕ್ಕಾಗಿ 1995ರಲ್ಲೇ ಒಂದು ಭರವಸೆಯ ಒಪ್ಪಂದ ಬಂತು: ಇಂದು ನಿಮ್ಮಲ್ಲಿರುವ ಹಕ್ಕಿಗಳಿಗೆ ಮಾತ್ರ ನೀವು ಹೊಣೆ, ನಿಮ್ಮ ಆರೈಕೆಯಿಂದ ನಾಳೆ ಬರುವ ಹಕ್ಕಿಗಳಿಂದ ನಿಮಗೆ ಹೊಸ ನಿರ್ಬಂಧವಿಲ್ಲ. ಮೊದಲು ಸಹಿ ಹಾಕಿದ್ದು ಪೈನ್‌ಹರ್ಸ್ಟ್‌ನ ಗಾಲ್ಫ್ ರೆಸಾರ್ಟ್.

ಪ್ರಶ್ನೆ: ಕಾಡಿನ ನೆಲ ಸುಟ್ಟು ಕಪ್ಪಾಗಿತ್ತು. ಅದು ಫಿರಂಗಿಯ ಅನಾಹುತವೇ?

ಉತ್ತರ: ಅಲ್ಲ, ಬೇಕೆಂದೇ ಹಚ್ಚಿದ ಬೆಂಕಿ. ಎರಡು ಮೂರು ವರ್ಷಕ್ಕೊಮ್ಮೆ ಸುಡದಿದ್ದರೆ ಪೊದೆ ಬೆಳೆದು ಪೈನ್ ಸಸಿ ಉಸಿರುಗಟ್ಟುತ್ತದೆ. ಸೇಂಟ್ ಫ್ರಾನ್ಸಿಸ್ ಸ್ಯಾಟಿರ್ ಎಂಬ ಕಂದು ಚಿಟ್ಟೆಯ ಕಥೆ ಕೇಳಿ. ಜಗತ್ತಿನಲ್ಲಿ ಅದು ಉಳಿದಿರುವುದು ಈ ನೆಲೆಯಲ್ಲಿ ಮಾತ್ರ. ಮುಖ್ಯವಾಗಿ ಫಿರಂಗಿ ಗುಂಡು ಬೀಳುವ ಜಾಗದಲ್ಲಿ. ಗುಂಡು ಹೊತ್ತಿಸಿದ ಬೆಂಕಿಯೂ ಬೀವರ್ ಕಟ್ಟಿದ ಒಡ್ಡುಗಳೂ ಅದಕ್ಕೆ ಬೇಕಾದ ಜೌಗು ಹುಲ್ಲುಗಾವಲನ್ನು ಕಾಯುತ್ತವೆ. ಎರಡನ್ನೂ ದೂರವಿಟ್ಟು ಜೋಪಾನ ಮಾಡಿದ ಕಡೆ ಚಿಟ್ಟೆ ಕಣ್ಮರೆಯಾಯಿತು.

ಇದನ್ನು ಬರೆಯುವಾಗ ನನಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆನಪಾಗುತ್ತಾರೆ. ಅವರ ತರಗು ಬೆಂಕಿ, ಎಲೆ ಉದುರುತ್ತಿದ್ದಂತೆ ತಣ್ಣಗೆ ನೆಲ ಸವರಿ ಹೋಗುವಂಥದ್ದು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ನುಗ್ಗಿತು. ಅಂಥ ಬೆಂಕಿಯನ್ನು ನಂದಿಸಲು ಸಿಬ್ಬಂದಿಯನ್ನು ಓಡಿಸಿದವರಲ್ಲಿ ನಾನೂ ಒಬ್ಬ. ‘ಸ್ವಾಮಿ, ಸುಡದಿದ್ದರೆ ನೆಲ್ಲಿಗೆ ಬಂದಣಿಕೆ ಹತ್ತುತ್ತದೆ’ ಎಂದು ಹಿರಿಯ ಸೋಲಿಗರೊಬ್ಬರು ಹೇಳಿದ್ದರು. ಅಂದು ನಾನು ಕಿವಿಗೊಡಲಿಲ್ಲ; ಆ ನೋವು ಇಂದಿಗೂ ಇದೆ.

ಮುಂದಿನ ಬಾರಿ ಹೋದರೆ ಸದರ್ನ್ ಪೈನ್ಸ್‌ನ ವೇಮೌತ್ ವುಡ್ಸ್‌ನಲ್ಲಿ ಹಳೆಯ ಪೈನ್ ಯಾವುದೆಂದು ಕೇಳಿ. ಅದು ಕನಿಷ್ಠ 1548ರಷ್ಟು ಹಳೆಯದೆಂದು ಲೆಕ್ಕ ಹಾಕಿದ್ದಾರೆ. ನಮ್ಮ ವಿಜಯನಗರದ ಸಿಂಹಾಸನದ ಮೇಲೆ ಆಗ ಸದಾಶಿವರಾಯ ಕುಳಿತಿದ್ದ.