ಚಳಿಗೆ ಡೀಸೆಲ್ ಲಾರಿಯಲ್ಲಿ ಚೆಕ್ ಇಂಜಿನ್ ಲೈಟ್ ಬಂದರೆ ಮೊದಲು ಏನು ನೋಡಬೇಕು?

ಚಿಕ್ಕಬಳ್ಳಾಪುರದಿಂದ ಬೆಳಗಿನ ಜಾವ ಹೂವು ಹೇರಿಕೊಂಡು ಹೊರಡುವ ಬಿಎಸ್-6 ಲಾರಿಯಲ್ಲಿ, ಡಿಸೆಂಬರ್ ಚಳಿ ಶುರುವಾದ ಮೇಲೆ ಈ ಲೈಟ್ ಬರುತ್ತಿದೆ ಅಂತ ಕೇಳಿದ್ದೀರಿ. ಡೀಸೆಲ್ ಹೆಪ್ಪುಗಟ್ಟಿತಾ ಅನ್ನುವ ಭಯ ಬೇಡ, ನಂದಿಬೆಟ್ಟದ ಬುಡದ ಚಳಿಗೆ ಅದು ಆಗುವುದಿಲ್ಲ. ಹೊಗೆಯ ವಿಷ ಕಡಿಮೆ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ, ಆಡ್‌ಬ್ಲೂ, ಕೂಡ ಮೈನಸ್ 11 ಡಿಗ್ರಿಗೆ ಇಳಿದರೆ ಮಾತ್ರ ಗಟ್ಟಿಯಾಗುತ್ತದೆ.

ನನ್ನ ಮೊದಲ ಅನುಮಾನ ಬ್ಯಾಟರಿ ಮೇಲೆ. ಚಳಿಗೆ ಅದರ ಶಕ್ತಿ ಕುಗ್ಗುತ್ತದೆ, ಆಯಿಲ್ ಮಂದವಾಗಿ ಸ್ಟಾರ್ಟರ್‌ಗೆ ಹೊರೆಯೂ ಜಾಸ್ತಿ. ಸೆಲ್ಫ್ ಹೊಡೆದಾಗ ವೋಲ್ಟೇಜ್ ತೀರಾ ಇಳಿದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಗಲಿಬಿಲಿಯಾಗಿ, ಚೆನ್ನಾಗಿರುವ ಸೆನ್ಸರ್ ಮೇಲೂ ದೂರು ಬರೆದುಕೊಳ್ಳುತ್ತದೆ. 24 ವೋಲ್ಟ್ ಗಾಡಿಯಾದರೆ ರಾತ್ರಿಯಿಡೀ ನಿಂತ ಮೇಲೆ ಮೀಟರ್ ಸುಮಾರು 25 ತೋರಿಸಬೇಕು. ಟರ್ಮಿನಲ್ ಮೇಲೆ ಬೆಳ್ಳಗೆ ಪುಡಿ ಕೂತಿದೆಯಾ ನೋಡಿ. ಅದನ್ನು ಉಜ್ಜಿ ಬಿಗಿ ಮಾಡಿದರೇ ಎಷ್ಟೋ ಸಲ ಸರಿಹೋಗುತ್ತದೆ.

ಆಮೇಲೆ ಡೀಸೆಲ್ ಫಿಲ್ಟರ್. ಟ್ಯಾಂಕ್ ಅರ್ಧ ಖಾಲಿ ಇದ್ದರೆ ರಾತ್ರಿ ಚಳಿಗೆ ಒಳಗಿನ ತೇವ ನೀರಾಗುತ್ತದೆ. ಇಂಜಿನ್ ಆಫ್ ಮಾಡಿ, ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ, ಗಾಜಿನ ಬಾಟಲಿಗೆ ಸ್ವಲ್ಪ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರುವವರೆಗೆ ಬಿಡಿ.

ಸ್ಟಾರ್ಟ್ ಆದಾಗ ಬಿಳಿ ಹೊಗೆ ಬಂದು, ಇಂಜಿನ್ ಕಾದ ಮೇಲೆ ನಿಂತರೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ಅಥವಾ ಹೀಟರ್ ಚೆಕ್ ಮಾಡಿಸಿ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸುವಾಗ, ಅದು ತೋರಿಸುವ ದೋಷದ ಕೋಡ್ ಬರೆದುಕೊಳ್ಳದೆ ಅಳಿಸಲು ಬಿಡಬೇಡಿ. ಸುಮ್ನೆ ಲೈಟ್ ಆರಿಸಿ ದುಡ್ಡು ಇಸ್ಕೊಳ್ಳುವವರೂ ಇದ್ದಾರೆ, ಅಲ್ವಾ? ಲೈಟ್ ಮಿನುಗುತ್ತಿದ್ದರೆ ಅಥವಾ ಪಿಕಪ್ ಬಿದ್ದುಹೋದರೆ, ಮಾರ್ಕೆಟ್ ತಪ್ಪಿದರೂ ಸರಿ, ಗಾಡಿ ಬದಿಗೆ ನಿಲ್ಲಿಸಿ.