ಓದುಗರು ಕೇಳಿದ್ದು: ನದಿ ಕಮರಿಯ ಜಲ್ಲಿ ದಾರಿಯಲ್ಲಿ ಸೈಕಲ್

ಪ್ರಶ್ನೆ: ನಾನು ಮೈಸೂರಿನವಳು, ಕೆಲಸಕ್ಕಾಗಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಹೊಸದಾಗಿ ಗ್ರಾವೆಲ್ ಬೈಕ್ (ಜಲ್ಲಿ, ಮಣ್ಣು ದಾರಿಗೆ ಆಗುವ ಸೈಕಲ್) ತಗೊಂಡಿದ್ದೇನೆ. ಇಲ್ಲಿಂದ ರೈಲಿನಲ್ಲಿ ಹೋಗಿ ಎರಡು ದಿನ ಸುತ್ತಬಹುದಾದ, ನದಿ ಕಮರಿಯೂ ಕಾಡೂ ಸಿಗುವ ದಾರಿ ಯಾವುದಾದರೂ ಹೇಳುತ್ತೀರಾ? ಡಾಂಬರು ಕಡಿಮೆ ಇದ್ದರೆ ಒಳ್ಳೆಯದು. ಏರು ಹತ್ತುವುದು ನನಗೆ ಇನ್ನೂ ಕಷ್ಟ.
— ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಡ್ಯಾನ್ಯೂಬ್ ನದಿಯ ಮೇಲಿನ ಕಣಿವೆಗೆ ಹೋಗಿ. ಟುಟ್ಲಿಂಗೆನ್‌ನಲ್ಲಿ ಇಳಿದು ಸಿಗ್ಮಾರಿಂಗೆನ್‌ವರೆಗೆ, ನದಿಗುಂಟ ಸುಮಾರು 50 ಕಿ.ಮೀ. ಏರು ಕಷ್ಟ ಅಂದಿರಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಕಮರಿಗೆ ಹೊರಡುವ ಮೊದಲು ನೋಡಬೇಕಾದ್ದು ಇದು: ದಾರಿ ತಳದಲ್ಲಿದೆಯಾ, ಮೇಲಿನ ಅಂಚಿನಲ್ಲಿದೆಯಾ? ಎಷ್ಟು ಕಿಲೋಮೀಟರ್ ಅನ್ನುವುದು ಆಮೇಲಿನ ಮಾತು. ಅಂಚಿನ ದಾರಿ ನೋಡಲು ಸಮ ಅನಿಸುತ್ತದೆ, ಆದರೆ ದೊಡ್ಡ ನದಿಗೆ ಬಂದು ಸೇರುವ ಒಂದೊಂದು ಹಳ್ಳವೂ ಬಂಡೆ ಕೊರೆದುಕೊಂಡೇ ಬಂದಿರುತ್ತದೆ, ಆ ಒಂದೊಂದು ಹಳ್ಳಕ್ಕೂ ನೀವು ಇಳಿದು ಮತ್ತೆ ಹತ್ತಬೇಕು. ನಕ್ಷೆಯಲ್ಲಿ 40 ಕಿ.ಮೀ. ಕಂಡದ್ದು ಕಾಲಿಗೆ 80 ಅನಿಸುವುದು ಹೀಗೆ. ತಳದಲ್ಲಿ ಹೋಗೋಣ ಅಂದರೆ ಎಷ್ಟೋ ಕಮರಿಗಳಲ್ಲಿ ನೀರು ಬಿಟ್ಟು ಬೇರೆ ಜಾಗವೇ ಇರುವುದಿಲ್ಲ. ಇಲ್ಲಿ ಹಾಗಲ್ಲ. ಎರಡೂ ಕಡೆ ಸುಣ್ಣಕಲ್ಲಿನ ಬಿಳಿ ಬಂಡೆಗಳು ಎದ್ದು ನಿಂತಿದ್ದರೂ ನಡುವೆ ನದಿ, ಹುಲ್ಲುಗಾವಲು, ರೈಲು ಹಳಿ, ಸೈಕಲ್ ದಾರಿ ಎಲ್ಲಕ್ಕೂ ಜಾಗವಿದೆ.

ನನಗೆ ತುಂಬ ಇಷ್ಟವಾದದ್ದು ಫ್ರಿಡಿಂಗೆನ್‌ನಿಂದ ಬೊಯ್ರೊನ್‌ವರೆಗಿನ ತುಂಡು. ಅಲ್ಲಿ ಕಾರುಗಳ ರಸ್ತೆ ನದಿಯನ್ನು ಬಿಟ್ಟು ಬೇರೆ ಕಡೆ ಹೋಗುತ್ತದೆ. ನದಿ ಮಾತ್ರ ದೊಡ್ಡದಾಗಿ ಬಳಸಿಕೊಂಡು ಬರುತ್ತದೆ, ಅದರ ಜೊತೆಗೆ ಸಣ್ಣ ಜಲ್ಲಿಯ ದಾರಿ, ಮೇಲೆ ಬೀಚ್ ಮರಗಳ ಕಾಡು. ನಡುನಡುವೆ ಒಂದೆರಡು ಚಿಕ್ಕ ಚೂಪು ಏರುಗಳಿವೆ, ಆಗದಿದ್ದರೆ ಇಳಿದು ತಳ್ಳಿ. ಬೊಯ್ರೊನ್‌ನಲ್ಲಿ ಬೆನೆಡಿಕ್ಟೀನ್ ಪಂಥದ ಕ್ರೈಸ್ತ ಸನ್ಯಾಸಿಗಳ ದೊಡ್ಡ ಮಠ ಇದೆ. ಒಂದು ದಿನಕ್ಕೆ ಅಲ್ಲಿಗೆ ನಿಲ್ಲಿಸಬಹುದು.

ಸ್ವಲ್ಪ ಧೈರ್ಯ ಬಂದಿದ್ದರೆ ಅದೇ ಸಂಜೆ ವಿಲ್ಡೆನ್‌ಷ್ಟೈನ್ ಕೋಟೆಗೆ ಹತ್ತಿ. ಬಂಡೆಯ ತುದಿಯಲ್ಲಿ ಕಟ್ಟಿದ ಹಳೆಯ ಕೋಟೆ ಅದು, ಈಗ ಯೂತ್ ಹಾಸ್ಟೆಲ್. ನದಿಯಿಂದ ಸುಮಾರು 200 ಮೀಟರ್ ಎತ್ತರ. ಎರಡು ದಿನದಲ್ಲಿ ದೊಡ್ಡ ಏರು ಅಂದರೆ ಇದೊಂದೇ, ಬೇಡ ಅನಿಸಿದರೆ ಬಿಟ್ಟರೂ ದಾರಿಯೇನೂ ತಪ್ಪುವುದಿಲ್ಲ. ಹಾಸಿಗೆ ಮೊದಲೇ ಬುಕ್ ಮಾಡಿ, ಬೇಸಿಗೆಯಲ್ಲಿ ಸುಮ್ನೆ ಹೋಗಿ ಕೇಳಿದರೆ ಸಿಗುತ್ತದೆ ಅಂತ ನಂಬಬೇಡಿ. ಮರುದಿನ ಹೌಸೆನ್, ಟೀರ್‌ಗಾರ್ಟೆನ್, ಗೂಟೆನ್‌ಷ್ಟೈನ್ ಹಾದು ಸಿಗ್ಮಾರಿಂಗೆನ್. ಅಲ್ಲಿಂದ ಟ್ಯೂಬಿಂಗೆನ್ ಮೇಲೆ ರೈಲಿನಲ್ಲಿ ವಾಪಸ್ ಬರಬಹುದು. ಕಣಿವೆಯ ಉದ್ದಕ್ಕೂ ರೈಲು ಇರುವುದು ದೊಡ್ಡ ಧೈರ್ಯ. ಕಾಲು ಸೋತರೂ ಮಳೆ ಹಿಡಿದರೂ ಮುಂದಿನ ಸ್ಟೇಷನ್‌ನಲ್ಲಿ ಹತ್ತಬಹುದು. ಸೈಕಲ್ಲಿಗೆ ಯಾವ ಹೊತ್ತಿಗೆ ಬೇರೆ ಟಿಕೆಟ್ ಬೇಕು ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ನೀರಿನ ವಿಷಯ ಮರೆಯಬೇಡಿ. ಮೇಲಿನ ಶ್ವೇಬಿಷ್ ಆಲ್ಬ್ ಪ್ರಸ್ಥಭೂಮಿ ಸುಣ್ಣಕಲ್ಲಿನದು, ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಮೇಲೆ ತೊರೆ ಸಿಗುವುದೇ ಅಪರೂಪ. ಹಾಗಾಗಿ ಹತ್ತುವ ಮೊದಲು ಕೆಳಗೇ ಬಾಟಲಿ ತುಂಬಿಸಿ. ಊರಿನ ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ, ಅಲ್ಲಿನ ಸೈಕಲ್ ಸವಾರರು ಅಲ್ಲೇ ತುಂಬಿಸಿಕೊಳ್ಳುತ್ತಾರೆ. ‘ಕೈನ್ ಟ್ರಿಂಕ್‌ವಾಸರ್’ ಅಂತ ಬರೆದಿದ್ದರೆ ಮಾತ್ರ ಅದು ಕುಡಿಯುವ ನೀರಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬುತ್ತಿ ಶನಿವಾರವೇ ತಗೊಳ್ಳಿ.

ಈ ಸುಣ್ಣಕಲ್ಲಿನ ಆಟ ಕಣ್ಣಾರೆ ನೋಡಬೇಕಾ? ಟುಟ್ಲಿಂಗೆನ್‌ಗಿಂತ ಮೇಲೆ ಇಮೆಂಡಿಂಗೆನ್ ಹತ್ತಿರ ಡ್ಯಾನ್ಯೂಬ್ ನೆಲದೊಳಗೆ ಇಂಗಿಹೋಗುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿದ ಪಾತ್ರ, ಬರೀ ಕಲ್ಲು. ಆ ನೀರು ಸುಮಾರು 12 ಕಿ.ಮೀ. ದಕ್ಷಿಣಕ್ಕೆ ಆಖ್ ಅನ್ನುವ ಊರಿನ ಬುಗ್ಗೆಯಲ್ಲಿ ಮೇಲೆ ಬಂದು ರೈನ್ ನದಿಯ ಕಡೆ ಹರಿಯುತ್ತದೆ. ಕಪ್ಪು ಸಮುದ್ರಕ್ಕೆ ಹೊರಟ ನೀರು ಉತ್ತರ ಸಮುದ್ರ ಸೇರುತ್ತದೆ! ಅರ್ಧ ದಿನ ಜಾಸ್ತಿ ಇದ್ದರೆ ಖಂಡಿತ ಅಲ್ಲಿಂದಲೇ ಶುರು ಮಾಡಿ.

ಇನ್ನೊಂದು ಮಾತು, ಇದು ಕಾನೂನಿನದು. ನೀವಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ 2 ಮೀಟರ್‌ಗಿಂತ ಕಿರಿದಾದ ಕಾಡುದಾರಿಯಲ್ಲಿ, ವಿಶೇಷ ಅನುಮತಿ ಇಲ್ಲದಿದ್ದರೆ, ಸೈಕಲ್ ಓಡಿಸುವಂತಿಲ್ಲ. ಆ್ಯಪ್ ಚೆಂದದ ಕಾಲುದಾರಿ ತೋರಿಸಿತು ಅಂತ ನುಗ್ಗಬೇಡಿ, ನಡೆದು ಬರುವವರ ದಾರಿ ಅದು. ಮರ ಕಡಿಯುತ್ತಿದ್ದಾರೆ ಅಂತ ಅಡ್ಡ ಪಟ್ಟಿ ಕಟ್ಟಿದ್ದರೆ ರಜೆಯ ದಿನವಾದರೂ ದಾಟಬೇಡಿ. ಅರ್ಧ ಕಡಿದು ಸಿಕ್ಕಿಕೊಂಡ ಮರ ಯಾವಾಗ ಬೀಳುತ್ತದೋ ಹೇಳಲಾಗದು.

ಪ್ರಶ್ನೆ: ಕನಕಪುರದಿಂದ ಮೇಕೆದಾಟು ಕಡೆಗೆ ಕಾಡಿನ ಮಣ್ಣು ದಾರಿ ಹಿಡಿದು ಹೋಗಬೇಕು ಅಂತ ನಾವು ಮೂವರು ಗೆಳೆಯರು ಅಂದುಕೊಂಡಿದ್ದೇವೆ. ಸ್ಯಾಟಲೈಟ್ ನಕ್ಷೆಯಲ್ಲಿ ದಾರಿ ಚೆನ್ನಾಗಿಯೇ ಕಾಣುತ್ತದೆ. ಹೋಗಬಹುದಾ?
— ಓದುಗರು, ಬೆಂಗಳೂರು

ಉತ್ತರ: ಬೇಡ. ಆ ಕಾಡು ಕಾವೇರಿ ವನ್ಯಜೀವಿಧಾಮ. ಸಾರ್ವಜನಿಕ ರಸ್ತೆ ಬಿಟ್ಟು ಒಳದಾರಿಗೆ ಇಳಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ಕಾಯ್ದೆಯ ಮಾತು ಬಿಟ್ಟರೂ ಅದು ಆನೆಗಳ ಜಾಗ. ಸೈಕಲ್ ಸದ್ದಿಲ್ಲದೆ ಬರುತ್ತದೆ. ತಿರುವಿನಲ್ಲಿ ನೀವು ಆನೆಯನ್ನು ನೋಡುವ ಹೊತ್ತಿಗೆ ಅದೂ ನಿಮ್ಮನ್ನು ಆಗಷ್ಟೇ ನೋಡಿರುತ್ತದೆ, ಮರಿ ಜೊತೆಗಿದ್ದರೆ ಓಡಲು ಸಮಯ ಸಿಗುವುದಿಲ್ಲ. ಸ್ಯಾಟಲೈಟ್ ನಕ್ಷೆಯಲ್ಲಿ ಕಾಣುವ ಆ ಗೆರೆಗಳಲ್ಲಿ ಎಷ್ಟೋ ಆನೆ, ದನ ನಡೆದು ಆದ ದಾರಿಗಳು.

ಸಂಗಮದವರೆಗೆ ಡಾಂಬರು ರಸ್ತೆ ಇದೆ, ಅದರಲ್ಲಿ ಹೋಗಿ ಬನ್ನಿ. ಅರ್ಕಾವತಿ ಕಾವೇರಿಗೆ ಸೇರುವುದು ಅಲ್ಲೇ. ಕಾವೇರಿ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುವ ಮೇಕೆದಾಟು ಇರುವುದು ಅಲ್ಲಿಂದ ಸುಮಾರು 4 ಕಿ.ಮೀ. ಕೆಳಗೆ. ಅದಕ್ಕೆ ಹೊಳೆ ದಾಟಬೇಕು, ಮಳೆಗಾಲದಲ್ಲಿ ಆಗುವುದಿಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ ಕಾಡಿನ ರಸ್ತೆಗೆ ಇಳಿಯಿರಿ, ಸಂಜೆಗೆ ಮುಂಚೆ ಹೊರಗೆ ಬನ್ನಿ. ಹೋಗುವಾಗ ಖುಷಿಯಾಗಿ ಇಳಿದ ಇಳಿಜಾರನ್ನು ವಾಪಸ್ ಬರುವಾಗ ಬಿಸಿಲಲ್ಲಿ ಹತ್ತಬೇಕು ಅನ್ನುವುದು ನೆನಪಿರಲಿ. ದಯವಿಟ್ಟು ನೀರಿಗೆ ಇಳಿಯಬೇಡಿ. ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ, ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ಕೆಳಗೆ ಸುಳಿ, ಗುಂಡಿಗಳಿವೆ. ಬೆವರು ಸುರಿಸಿ ಬಂದವರು ಮುಳುಗು ಹಾಕಲು ಹೋಗಿ ಜೀವ ಕಳೆದುಕೊಂಡದ್ದು ಅಲ್ಲಿ ಮತ್ತೆ ಮತ್ತೆ ಆಗಿದೆ.

ಮಣ್ಣು ದಾರಿಯೇ ಬೇಕು ಅಂದರೆ ಕಾಡಿನ ಗಡಿಯಿಂದ ದೂರ, ಹಳ್ಳಿ ಹಳ್ಳಿ ಜೋಡಿಸುವ ದಾರಿಗಳಿವೆ. ಕೆರೆ ಏರಿ, ರಾಗಿ ಹೊಲ, ಮಾವಿನ ತೋಟ, ಅಲ್ಲಲ್ಲಿ ಬಂಡೆ ಗುಡ್ಡ. ತೋಟದ ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಿ, ಹೊಲದಲ್ಲಿ ಇದ್ದವರನ್ನು ಮಾತಾಡಿಸಿ, ಮುಂದೆ ದಾರಿ ಇದೆಯಾ ಅಂತ ಅವರಷ್ಟು ಸರಿಯಾಗಿ ಯಾವ ಆ್ಯಪೂ ಹೇಳುವುದಿಲ್ಲ.

ನಿಜವಾದ ಕಮರಿ ನೋಡುವ ಆಸೆ ಇದ್ದರೆ ಮೂರು ದಿನ ಬಿಡುವು ಮಾಡಿಕೊಂಡು ಕಡಪ ಜಿಲ್ಲೆಯ ಗಂಡಿಕೋಟಕ್ಕೆ ಹೋಗಿ. ಅಲ್ಲಿ ಎರ್ರಮಲ ಬೆಟ್ಟ ಸೀಳಿದ ಪೆನ್ನಾ ನದಿ ನಮ್ಮ ನಂದಿಬೆಟ್ಟದ ಕಡೆ ಹುಟ್ಟುವ ಉತ್ತರ ಪಿನಾಕಿನಿಯೇ. ಜಮ್ಮಲಮಡುಗುವಿನಲ್ಲಿ ಉಳಿದುಕೊಂಡರೆ ಕೋಟೆ ಸುಮಾರು 15 ಕಿ.ಮೀ. ಸುತ್ತ ಹೊಲದ ದಾರಿಗಳು ಬೇಕಾದಷ್ಟಿವೆ. ಕಮರಿಯ ಅಂಚಿಗೆ ಮಾತ್ರ ಸೈಕಲ್ ಒಯ್ಯಬೇಡಿ, ಬರೀ ಒಡೆದ ಬಂಡೆ, ತಡೆಯೂ ಇಲ್ಲ. ನೆರಳು ಕಡಿಮೆ, ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಮಳೆ ಬಿದ್ದ ಮರುದಿನ ಎರೆಮಣ್ಣಿನ ದಾರಿಗೆ ಇಳಿಯಲೇಬೇಡಿ. ಆ ಮಣ್ಣು ಟೈರಿಗೆ ಅಂಟಿ, ಫೋರ್ಕ್ ಸಂದಿಯಲ್ಲಿ ತುಂಬಿ, ಚಕ್ರ ತಿರುಗದ ಹಾಗೆ ಮಾಡುತ್ತದೆ, ಆಮೇಲೆ ಸೈಕಲ್ ಹೊತ್ತುಕೊಂಡೇ ಬರಬೇಕು.

ಪ್ರಶ್ನೆ: ಬಯಲುಸೀಮೆಯ ಮಣ್ಣು ದಾರಿಗೆ ಟೈರ್ ಎಷ್ಟು ಅಗಲ ಇರಬೇಕು? ವಾರಕ್ಕೊಂದು ಪಂಕ್ಚರ್ ಆಗಿ ಸಾಕಾಗಿದೆ.
— ಓದುಗರು, ಚಿತ್ರದುರ್ಗ

ಉತ್ತರ: ಫ್ರೇಮಿನಲ್ಲಿ ಜಾಗ ಇದ್ದರೆ 40ರಿಂದ 45 ಮಿ.ಮೀ. ಹಾಕಿ. ನಿಮ್ಮ ಕಡೆ ಕಲ್ಲಿಗಿಂತ ಮುಳ್ಳಿನ ಕಾಟವೇ ಜಾಸ್ತಿ ಅಲ್ವಾ, ಬಳ್ಳಾರಿ ಜಾಲಿ ಮತ್ತು ನೆಗ್ಗಿಲು ಮುಳ್ಳು. ಹಾಗಾಗಿ ಟ್ಯೂಬ್ ಬಿಟ್ಟು ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿಸಿ. ಸಣ್ಣ ತೂತುಗಳನ್ನು ಅದೇ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ, ಕಡಿಮೆಯಾಗಿದ್ದರೆ ತುಂಬಿಸಿ.

ಗಾಳಿ ಗಟ್ಟಿಯಾಗಿ ತುಂಬಬೇಡಿ. ನೀವು 70 ಕೆ.ಜಿ. ಆಸುಪಾಸಿನವರಾದರೆ 40 ಮಿ.ಮೀ. ಟೈರಿಗೆ 35 ಪಿಎಸ್‌ಐನಿಂದ ಶುರು ಮಾಡಿ, ಹಿಂದಿನದಕ್ಕೆ ಎರಡು ಮೂರು ಜಾಸ್ತಿ. ರಿಮ್ ಕಲ್ಲಿಗೆ ತಗಲುತ್ತಿದ್ದರೆ ಸ್ವಲ್ಪ ಏರಿಸಿ. ಟೈರಿನ ಮೇಲೆ ಬರೆದಿರುವ ಮಿತಿ ಮಾತ್ರ ದಾಟಬೇಡಿ.

ಮುಳ್ಳು ಕಿತ್ತ ತಕ್ಷಣ ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ, ಸೀಲಂಟ್ ಅಲ್ಲಿ ಸೇರಲಿ. ಮುಚ್ಚದೇ ಹೋದರೆ ಕೈಚೀಲದಲ್ಲಿರುವ ಟ್ಯೂಬ್ ಬೇಕಾಗುತ್ತದೆ. ಅದನ್ನು ಹಾಕುವ ಮೊದಲು ಟೈರಿನ ಒಳಗೆಲ್ಲ ಒಂದು ಬಟ್ಟೆ ಆಡಿಸಿ. ಸೀಲಂಟ್ ಇಷ್ಟು ದಿನ ಮುಚ್ಚಿಟ್ಟಿದ್ದ ಹಳೆಯ ಮುಳ್ಳುಗಳೆಲ್ಲ ಅಲ್ಲೇ ಚುಚ್ಚಿಕೊಂಡಿರುತ್ತವೆ, ಬಟ್ಟೆಗೆ ಸಿಕ್ಕಿದ್ದನ್ನೆಲ್ಲ ಇಕ್ಕಳದಲ್ಲಿ ಕಿತ್ತ ಮೇಲೆಯೇ ಹೊಸ ಟ್ಯೂಬ್ ಹಾಕಿ.